ಅಮೆರಿಕದ ಪಿಕಪ್ಪೂ ಟೋವಾ ಪಾಯೋದ ಕಾರ್ ಪಾರ್ಕೂ

೧೯೯೪ರ ಸೆಪ್ಟೆಂಬರ್ ತಿಂಗಳ ಮೊದಲ ಸೋಮವಾರ, ಬೆಳಿಗ್ಗೆ ಏಳು ಗಂಟೆ. ಸಿಂಗಪುರದ ಉತ್ತರ ತುದಿಯ ಸೆಂಬವಾಂಗ್‌ನಲ್ಲಿ ಹಡಗು ದುರಸ್ತಿ ಮಾಡುವ ಒಂದು ಯಾರ್ಡಿನ ಗೇಟಿನೊಳಗೆ ನಾವು ನಾಲ್ವರು ನಿಂತಿದ್ದೆವು. ನಾನು, ನನ್ನ ಮಾಲೀಕ ಲಿಮ್, ಯಾರ್ಡಿನ ವಾಹನ ವಿಭಾಗದ ಎಂಜಿನಿಯರ್ ನಾಗರಾಜ್, ಅಲ್ಲಿನ ಹಿರಿಯ ಡ್ರೈವರ್ ರಹೀಂ. ನಮ್ಮ ಮುಂದೆ ಮೂರು ಪಿಕಪ್‌ಗಳು ಸಾಲಾಗಿ ನಿಂತಿದ್ದವು. ಒಂದು ಅಮೆರಿಕದ್ದು, ಅದು ನಮ್ಮದು. ಇನ್ನೊಂದು ಜಪಾನಿನದು, ಮತ್ತೊಂದು ಕೊರಿಯಾದ್ದು. ಆ ಎರಡೂ ನಮ್ಮ ಕಡೆಯ ಮಿನಿ ಲಾರಿಯ ಜಾತಿಯವು. ಮೋಟು ಮೂತಿ, ಹಿಂದೆ ಚಪ್ಪಟೆ ಹಲಗೆ. ನಮ್ಮದರ ಬಾನೆಟ್ಟೇ ಅವುಗಳ ಅರ್ಧದಷ್ಟಿತ್ತು. ಒಂದು ತಿಂಗಳು ಮೂರನ್ನೂ ಒಂದೇ ಕೆಲಸಕ್ಕೆ ಹಚ್ಚುವುದು, ಗೆದ್ದ ಗಾಡಿಯನ್ನು ಒಂದು ಡಜನ್ ಕೊಳ್ಳುವುದು, ಇದು ಯಾರ್ಡಿನ ತೀರ್ಮಾನ.

ಇಷ್ಟು ವರ್ಷಗಳ ಮೇಲೆ ಇದನ್ನು ಬರೆಯಲು ಕಾರಣ ಹೊಗೆ. ಹೋದ ತಿಂಗಳು ಮಂಡ್ಯ ದಾಟಿ ಮೈಸೂರಿಗೆ ಬರುವಾಗ ರಸ್ತೆ ಪಕ್ಕದ ಗದ್ದೆಗಳಲ್ಲಿ ಕಬ್ಬಿನ ತರಗು ಸುಡುತ್ತಿದ್ದರು. ಕಾರಿನ ಗಾಜು ಏರಿಸುವಷ್ಟರಲ್ಲಿ ವಾಸನೆ ಒಳಗೆ ಬಂದಿತ್ತು. ಆ ವರ್ಷ ಸುಮಾತ್ರಾದ ಕಾಡು ಸುಟ್ಟ ಹೊಗೆ ಸಮುದ್ರ ದಾಟಿ ಬಂದು ಸಿಂಗಪುರದ ಮೇಲೆ ವಾರಗಟ್ಟಲೆ ಕೂತಿತ್ತು. ಹತ್ತು ಗಂಟೆಯಾದರೂ ಸೂರ್ಯ ತಾಮ್ರದ ಬಿಲ್ಲೆಯಂತೆ ಕಾಣುತ್ತಿದ್ದ. ಬಿಳಿ ಅಂಗಿ ಸಂಜೆಗೆ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಆ ಹೊಗೆಯ ತಿಂಗಳಲ್ಲೇ ನಮ್ಮ ಗಾಡಿಯ ಪರೀಕ್ಷೆ ನಡೆದದ್ದು.

ನಾನು ಮೈಸೂರಿನ ಒಂದು ದೊಡ್ಡ ಯಂತ್ರ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಕಲಿತವನು. ಸೈರನ್ ಕೂಗಿದರೆ ಏಳು, ಸೈರನ್ ಕೂಗಿದರೆ ಉಣ್ಣು, ಸ್ಪ್ಯಾನರನ್ನು ತೆಗೆದ ಜಾಗದಲ್ಲೇ ಇಡು. ಆ ಶಿಸ್ತು ಮೈಗೆ ಹತ್ತಿದವನು ಸಿಂಗಪುರಕ್ಕೆ ಚೆನ್ನಾಗಿ ಹೊಂದಿಕೊಳ್ಳುತ್ತಾನೆ. ಲಿಮ್ ಅಮೆರಿಕದ ಭಾರೀ ಪಿಕಪ್‌ಗಳ ಏಜೆನ್ಸಿ ಹಿಡಿದಾಗ, ಅವುಗಳ ಸ್ಟಿಯರಿಂಗನ್ನು ಎಡದಿಂದ ಬಲಕ್ಕೆ ಬದಲಾಯಿಸಿ ಅಲ್ಲಿನ ರಸ್ತೆಗೆ ಒಗ್ಗಿಸುವ ಕೆಲಸಕ್ಕೆ ನನ್ನನ್ನು ಕರೆಸಿಕೊಂಡ. ಎರಡು ವರ್ಷವಾದರೂ ಗಾಡಿಗಳು ಮಾರಾಟವಾಗಲಿಲ್ಲ. ಎಲ್ಲಿ ನೋಡಿದರೂ ಜಪಾನಿನವೇ ಓಡುತ್ತಿದ್ದವು. ಅವುಗಳ ಬೆನ್ನಿಗೆ ಕೊರಿಯಾದವೂ ಬಂದವು. ಲಿಮ್ ಜೊತೆ ನನ್ನ ಮಾತು ಇಂಗ್ಲಿಷಿನಲ್ಲಿ. ಅವನು ಕಾಫಿಯ ಲೋಟ ಕೆಳಗಿಟ್ಟು ಹೇಳಿದ ಮಾತನ್ನು ಕನ್ನಡದಲ್ಲಿ ಬರೆದರೆ ಹೀಗೆ: "ಮೂರ್ತಿ, ಯಾರ್ಡ್ ಒಂದು ಡಜನ್ ತಗೊಂಡ್ರೆ ಏಜೆನ್ಸಿ ಉಳಿಯುತ್ತೆ. ಏಜೆನ್ಸಿ ಉಳಿದ್ರೆ ನಿನ್ನ ವರ್ಕ್ ಪಾಸ್ ರಿನ್ಯೂ ಮಾಡಿಸ್ತೀನಿ. ಇಲ್ಲ ಅಂದ್ರೆ ಡಿಸೆಂಬರ್‌ಗೆ ನೀನೂ ಬೇರೆ ದಾರಿ ನೋಡು, ನಾನೂ ನೋಡ್ತೀನಿ."

ನನ್ನ ಮಗಳು ಶಾಲಿನಿ ಆಗ ಪ್ರೈಮರಿ ಆರರಲ್ಲಿದ್ದಳು. ಅಕ್ಟೋಬರಿನಲ್ಲಿ ಆ ದೇಶದ ದೊಡ್ಡ ಪರೀಕ್ಷೆ, ಜನವರಿಯಲ್ಲಿ ಹೊಸ ಶಾಲೆ. ಡಿಸೆಂಬರಿನಲ್ಲಿ ಮೈಸೂರಿಗೆ ಮರಳಿದರೆ ಅಲ್ಲಿ ಶಾಲಾ ವರ್ಷದ ನಟ್ಟನಡುವೆ ಅವಳನ್ನು ಎಲ್ಲಿ ಸೇರಿಸುವುದು? ಕನ್ನಡವನ್ನು ಸೊಗಸಾಗಿ ಮಾತಾಡುತ್ತಿದ್ದಳು. ಬರೆಯಲು ಕೂತರೆ ನಾಲ್ಕನೇ ಸಾಲಿಗೆ ಪೆನ್ನು ನಿಲ್ಲುತ್ತಿತ್ತು. ಯಿಶುನ್‌ನ ಬಾಡಿಗೆ ಫ್ಲಾಟಿನಲ್ಲಿ ನಾವು ಈ ಮಾತನ್ನು ಅವಳ ಮುಂದೆ ಎತ್ತುತ್ತಿರಲಿಲ್ಲ. ಆದರೂ ಅವಳಿಗೆ ಎಲ್ಲ ಗೊತ್ತಿತ್ತು.

ನಾಗರಾಜ್ ಬಸವನಗುಡಿಯವರು, ಒಂಟಿಯಾಗಿದ್ದರು, ಪ್ರತಿ ಭಾನುವಾರ ನಮ್ಮ ಮನೆಯಲ್ಲಿ ಊಟ. ಪರೀಕ್ಷೆ ಶುರುವಾದ ದಿನವೇ ನನ್ನನ್ನು ಪಕ್ಕಕ್ಕೆ ಕರೆದರು.

"ಸಾರ್, ಟ್ರಯಲ್ ಮುಗಿಯೋ ತನಕ ನಿಮ್ಮನೆ ಕಡೆ ಬರಲ್ಲ. ಆಂಟಿಗೆ ಹೇಳ್ಬಿಡಿ, ಕೋಪ ಏನಿಲ್ಲ, ಪ್ರೊಸೀಜರ್ ಫಾಲೋ ಮಾಡ್ತಿದೀನಿ ಅಂತ."

ಇದನ್ನು ಹೆಂಡತಿ ಪದ್ಮಾಗೆ ಹೇಳಿದೆ. "ಪ್ರೊಸೀಜರ್‌ನಲ್ಲಿ ಉಪ್ಪಿನಕಾಯಿ ನಡೆಯುತ್ತಾ ಕೇಳಿ," ಎಂದಳು. ಕೇಳಿದೆ. ನಡೆಯುವುದಿಲ್ಲ ಎಂದರು. ಅವರ ಈ ಗುಣ ನನಗೆ ಹಿಡಿಸಿತು.

ಮೊದಲ ಎರಡು ವಾರ ನನಗೆ ಹಬ್ಬ. ವೆಲ್ಡಿಂಗ್ ಜನರೇಟರ್ ಹೊತ್ತ ಟ್ರೈಲರನ್ನು ಡಾಕಿನ ಏರಿನಲ್ಲಿ ಎಳೆಯಬೇಕಿತ್ತು. ಒಮ್ಮೆ ಬೆಳಗಿನ ಜಾವದ ಬಿರುಮಳೆಗೆ ಏರು ನೆನೆದು ಜಾರುತ್ತಿದ್ದಾಗ ಜಪಾನಿನ ಗಾಡಿ ಅರ್ಧಕ್ಕೆ ನಿಂತು ಮುಲುಗಿತು. ಕೊರಿಯಾದ್ದು ಹಿಂದಕ್ಕೇ ಜಾರಿತು. ನಮ್ಮದು ಉಸಿರೂ ಬಿಗಿಹಿಡಿಯದೆ ಹತ್ತಿತು. ರಹೀಂ ಕೆಳಗಿಳಿದು ಬಾನೆಟ್ಟಿನ ಮೇಲೆ ಕೈ ತಟ್ಟಿ "ಗಜಾ" ಎಂದ. ಮಲಯ ಭಾಷೆಯಲ್ಲೂ ಆನೆಗೆ ಅದೇ ಹೆಸರು ಎಂದು ನನಗೆ ಗೊತ್ತಾದದ್ದು ಆವತ್ತು.

ಆದರೆ ಸಂಜೆ ಆರಕ್ಕೆ ಒಂದು ವಿಚಿತ್ರ ನಡೆಯುತ್ತಿತ್ತು. ಆ ಊರಿನಲ್ಲಿ ಕಂಪನಿಯ ಪಿಕಪ್ ರಾತ್ರಿ ಕಂಪನಿಯಲ್ಲಿ ಇರುವುದಿಲ್ಲ. ಹಿರಿಯ ಡ್ರೈವರ್ ಅದನ್ನು ಮನೆಗೆ ಒಯ್ಯುತ್ತಾನೆ; ದಾರಿಯಲ್ಲಿ ಕೆಲಸಗಾರರನ್ನು ಇಳಿಸುತ್ತಾನೆ, ಬೆಳಿಗ್ಗೆ ಹತ್ತಿಸಿಕೊಂಡು ಬರುತ್ತಾನೆ. ಪರೀಕ್ಷೆಯ ತಿಂಗಳು ರಹೀಂ ಮೂರರಲ್ಲಿ ಯಾವುದನ್ನಾದರೂ ಒಯ್ಯಬಹುದಿತ್ತು. ಅವನು ನಮ್ಮ ಗಾಡಿಯನ್ನು ಪ್ರೀತಿಯಿಂದ ಒರೆಸಿ, ಷೆಡ್ಡಿನಲ್ಲಿ ನಿಲ್ಲಿಸಿ, ಪ್ರತಿ ಸಂಜೆ ಜಪಾನಿನ ಗಾಡಿಯ ಕೀಲಿ ತೆಗೆದುಕೊಳ್ಳುತ್ತಿದ್ದ. ಕೂರಲು ಮೆತ್ತನೆಯ ಸೀಟು, ತಣ್ಣಗಿನ ಎ.ಸಿ., ಎಲ್ಲ ನಮ್ಮದರಲ್ಲಿತ್ತು.

"ಯಾಕೆ ರಹೀಂ, ನಮ್ಮದು ಬೇಡವಾ?" ಎಂದು ಕೇಳಿದೆ.

"ನಿಮ್ಮದು ತುಂಬ ಒಳ್ಳೇದು, ಮಿಸ್ಟರ್ ಮೂರ್ತಿ," ಎಂದು ನಗುತ್ತ ಜಪಾನಿನ ಗಾಡಿ ಹತ್ತಿದ.

ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಜಪಾನಿ ಗಾಡಿ ಮಾರುವ ಕಂಪನಿಯ ಸೇಲ್ಸ್‌ಮನ್ ವಾಂಗ್ ಎಂಬ ನಡುವಯಸ್ಸಿನವನು ವಾರಕ್ಕೆರಡು ಸಲ ಬರುತ್ತಿದ್ದ. ನಾಗರಾಜರ ಕಚೇರಿಗೆ ಹೋಗುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಡ್ರೈವರ್‌ಗಳ ಮೇಜಿಗೆ ಹೋಗಿ ಕೂತು ಚಹಾ ಕುಡಿಯುತ್ತಿದ್ದ. ಪಕ್ಕದ ಮೇಜಿನಲ್ಲಿ ಕೂತು ನಾನೂ ಕಿವಿಗೊಟ್ಟಿದ್ದೇನೆ. ಎಂಜಿನ್ನಿನ ಬಗ್ಗೆ ಒಂದು ಮಾತಿಲ್ಲ. ಯಾರ ಮಗಳ ಮದುವೆ ಯಾವಾಗ, ಯಾರ ಬ್ಲಾಕಿನ ಲಿಫ್ಟ್ ಕೆಟ್ಟಿದೆ, ಯಾರ ಮೊಣಕಾಲು ನೋವು, ಇಷ್ಟೇ. ಕೆಲಸಗಳ್ಳ ಎಂದುಕೊಂಡೆ.

ಕೊನೆಯ ಶುಕ್ರವಾರ ನಾಗರಾಜ್ ಷೆಡ್ಡಿಗೆ ಬಂದರು. "ಸಾರ್, ಹೇಳಬಾರದು, ಆದ್ರೂ ಹೇಳ್ತೀನಿ. ಪುಲಿಂಗ್, ಲೋಡ್, ಬ್ರೇಕ್, ಎಲ್ಲದರಲ್ಲೂ ನಿಮ್ದೇ ಫಸ್ಟ್. ಸೋಮವಾರ ರಿಪೋರ್ಟ್ ಕಳಿಸ್ತೀನಿ. ಡ್ರೈವರ್ಸ್‌ನೂ ಕೇಳ್ದೆ, ಎಲ್ಲರೂ ಗುಡ್ ಗುಡ್ ಅಂತಾರೆ."

ಮನೆಗೆ ಬಂದು ಹೇಳಿದೆ. ಪದ್ಮಾ ದೇವರಿಗೆ ದೀಪ ಹಚ್ಚಿದಳು. ಶಾಲಿನಿ "ಹಾಗಾದ್ರೆ ಇಲ್ಲೇ ಲಾ," ಎಂದು ಆ ಊರಿನ ಮಕ್ಕಳ ರಾಗದಲ್ಲಿ ಹೇಳಿ ಮತ್ತೆ ಗಣಿತಕ್ಕೆ ಬಗ್ಗಿದಳು. ನಾನು ಊಟಕ್ಕೆ ಕೂತವನು ಮತ್ತೆ ಹೇಳಿದೆ: "ಆದ್ರೆ ರಹೀಂ ಯಾಕೆ ನಮ್ಮ ಗಾಡಿ ಮನೆಗೆ ತಗೊಂಡು ಹೋಗಲ್ಲ?"

"ಗೆದ್ದ ಮೇಲೂ ಯಾಕೆ ಅಂತ ಕೇಳೋರು ನೀವೊಬ್ರೇ," ಎಂದಳು ಪದ್ಮಾ. "ಸೋಮವಾರ ಆಗೋ ತನಕ ಸುಮ್ನಿರಕ್ಕಾಗಲ್ವಾ?"

ಆಗಲಿಲ್ಲ. ಕಾರಣ ಗೊತ್ತಿಲ್ಲದ ಸದ್ದು ಎಂಜಿನ್ನಿನಲ್ಲಿ ಬಂದರೆ, ಗಾಡಿ ಓಡುತ್ತಿದ್ದರೂ ನನಗೆ ನಿದ್ದೆ ಬರುವುದಿಲ್ಲ.

ಶನಿವಾರ ಮಧ್ಯಾಹ್ನ ರಹೀಂನನ್ನು ಒಪ್ಪಿಸಿದೆ. ಅಂದು ನಮ್ಮ ಗಾಡಿಯನ್ನೇ ಅವನು ಮನೆಗೆ ಒಯ್ಯುವುದು, ನಾನೂ ಜೊತೆಗೆ ಹೋಗುವುದು. ಅವನು ತಲೆ ಕೆರೆದುಕೊಂಡ. "ಇವತ್ತು ಬೇಡ, ಪಕ್ಕದ ಮನೆ ಮದುವೆ ನಾಳೆ, ಇವತ್ತು ಕೆಲಸ ಇದೆ," ಎಂದ. ಹಾಗಾದರೆ ಇವತ್ತೇ ಆಗಬೇಕು ಎಂದೆ.

ಮೊದಲು ಕೆಲಸಗಾರರು ಹತ್ತಬೇಕು. ಜಪಾನಿನ ಗಾಡಿಯ ಹಲಗೆ ಸೊಂಟದ ಮಟ್ಟಕ್ಕೆ ಇತ್ತು. ಅದಕ್ಕೆ ಬೆನ್ನು ಕೊಟ್ಟು ಹಾರಿ ಕೂರುತ್ತಿದ್ದರು. ನಮ್ಮದಕ್ಕೆ ಚಕ್ರದ ಮೇಲೆ ಕಾಲಿಟ್ಟು, ಒಬ್ಬರು ಇನ್ನೊಬ್ಬರನ್ನು ಎಳೆದು ಹತ್ತಿಸಿದರು. ಹಗಲಿಡೀ ಉಕ್ಕು ಹೊತ್ತ ಮೈಗಳು. ಇಳಿಯುವಾಗ ಒಬ್ಬ ಮೊಣಕಾಲು ಹಿಡಿದುಕೊಂಡು ನನ್ನ ಕಡೆ ನೋಡಿದ.

ರಹೀಂನ ಮನೆ ಟೋವಾ ಪಾಯೋದಲ್ಲಿ, ಹಳೆಯ ಹೌಸಿಂಗ್ ಬ್ಲಾಕಿನ ಏಳನೇ ಮಹಡಿ. ಕೆಳಗೆ ಎರಡು ಮರಗಳ ನಡುವೆ ಕಾರ್ ಪಾರ್ಕು. ಬಿಳಿ ಗೆರೆ ಎಳೆದ ಅವನ ಜಾಗಕ್ಕೆ ನಮ್ಮ ಗಾಡಿಯನ್ನು ಮುಂದೆ ಹಿಂದೆ ಆಡಿಸಿ ನುಗ್ಗಿಸಿದ. ಮೂತಿ ಗೋಡೆಗೆ ತಾಗಿದರೂ ಬಾಲ ದಾರಿಯೊಳಗೆ ಎರಡು ಮೊಳ ಚಾಚಿಕೊಂಡಿತು. ಬಾಗಿಲು ತೆರೆಯಲು ಪಕ್ಕದ ಕಾರು ಬಿಡಲಿಲ್ಲ. ನಾನು ಹೊಟ್ಟೆ ಒಳಗೆಳೆದುಕೊಂಡು ಜಾರಿ ಇಳಿದೆ. ತರಕಾರಿಯ ಕೈಗಾಡಿ ಎಳೆದುಕೊಂಡು ಬಂದ ಒಬ್ಬ ಚೀನೀ ಅಜ್ಜಿ ಬಾಲದ ಮುಂದೆ ನಿಂತು ತನ್ನ ಭಾಷೆಯಲ್ಲಿ ಏನೋ ಅಂದಳು. ರಹೀಂ ಅದನ್ನು ನನಗೆ ಅನುವಾದಿಸಲಿಲ್ಲ.

ಬ್ಲಾಕಿನ ಕೆಳಗಿನ ಖಾಲಿ ಅಂಗಳಕ್ಕೆ ಅಲ್ಲಿ ವಾಯ್ಡ್ ಡೆಕ್ ಎನ್ನುತ್ತಾರೆ. ಮಲಯರ ಮದುವೆ ಅಲ್ಲೇ. ಅಡುಗೆಗೆ ಇಡೀ ಬ್ಲಾಕಿನವರು ಸೇರುತ್ತಾರೆ; ಹಂಡೆ, ಕುರ್ಚಿ, ಮೇಜುಗಳನ್ನು ಇನ್ನೊಂದು ಬ್ಲಾಕಿನಿಂದ ತರುತ್ತಾರೆ. ತರುವ ಗಾಡಿ ರಹೀಂನದು. ಅವನ ಹೆಂಡತಿಯನ್ನು ಎಲ್ಲರೂ ಕಾಕ್ ಮಿನಾ ಎನ್ನುತ್ತಿದ್ದರು, ಮಿನಾ ಅಕ್ಕ ಎಂದಂತೆ. ಗುಂಡುಗುಂಡಾಗಿದ್ದ ಗಟ್ಟಿಗಿತ್ತಿ. ಗಾಡಿ ನೋಡಿ ಸೊಂಟದ ಮೇಲೆ ಕೈಯಿಟ್ಟಳು.

"ಇದೇನು, ನಾವು ಮನೆ ಖಾಲಿ ಮಾಡ್ತಿದೀವಾ?"

"ಆಫೀಸಿನದು. ಒಂದು ದಿನಕ್ಕೆ."

"ಬದಿ ಎಲ್ಲಿ ಬಿಚ್ಚೋದು?"

ಬದಿ ಬಿಚ್ಚುವುದಿಲ್ಲ. ಅದೇ ವಿಷಯ. ನಮ್ಮೂರ ಎತ್ತಿನಗಾಡಿಗೆ ಗೂಟ ಕಿತ್ತರೆ ಬದಿಯ ತಡಿಕೆ ಹೇಗೆ ತೆರೆದುಕೊಳ್ಳುತ್ತದೋ ಹಾಗೆ ಜಪಾನಿನ ಗಾಡಿಗೆ, ಕೊರಿಯಾದ್ದಕ್ಕೂ, ಮೂರು ಬದಿಯ ಪಟ್ಟಿಗಳೂ ಬೀಳುತ್ತವೆ. ನಮ್ಮದು ಉಕ್ಕಿನ ತೊಟ್ಟಿ. ಹಿಂದಿನ ಬಾಗಿಲೊಂದೇ ತೆರೆಯುತ್ತದೆ, ಅದನ್ನು ಇಳಿಸಿದರೆ ದಾರಿಯೇ ಮುಚ್ಚುತ್ತಿತ್ತು; ಸಾಮಾನು ತರಲು ಇನ್ನೊಂದು ಬ್ಲಾಕಿಗೆ ಹೋಗಿ ನಿಲ್ಲಿಸಿದಾಗಲೂ ಅದೇ ಗತಿ. ಬಿರಿಯಾನಿಯ ಹಂಡೆಗಳನ್ನು ಇಬ್ಬಿಬ್ಬರು ಎದೆಮಟ್ಟಕ್ಕೆ ಎತ್ತಿ ಒಳಗೆ ಇಳಿಬಿಟ್ಟರು. ಒಳಗೊಬ್ಬ ನಿಂತು ಬಗ್ಗಿ ಎಳೆದುಕೊಂಡ. ಇಳಿಸುವಾಗ ಮತ್ತೆ ಅದೇ. ಸುಲಭದ ಕೆಲಸ ಸಂಜೆಯಾದರೂ ಮುಗಿಯಲಿಲ್ಲ. ನಾನೂ ಅಂಗಿಯ ತೋಳು ಮಡಿಚಿ ಎತ್ತಿದೆ. ಯಾರ್ಡಿನಲ್ಲಿ ಸಾಮಾನನ್ನು ಫೋರ್ಕ್‌ಲಿಫ್ಟ್ ಎತ್ತುತ್ತದೆ, ಅದಕ್ಕೆ ಎತ್ತರ ತಗ್ಗು ಎಲ್ಲ ಒಂದೇ. ಇಲ್ಲಿ ಎತ್ತುವವರು ಮನುಷ್ಯರು.

ಉತ್ತರ ಸಿಕ್ಕಿತು. ಸಿಕ್ಕಿದ್ದಕ್ಕೆ ಸಂತೋಷವಾಯಿತೆಂದರೆ ನೀವು ನಂಬಬೇಕು. ಎಂ.ಆರ್.ಟಿ. ರೈಲಿನಲ್ಲಿ ಯಿಶುನ್‌ಗೆ ಮರಳುವಾಗ, ಮೂರನೇ ನಿಲ್ದಾಣ ದಾಟಿದ ಮೇಲೆ, ಆ ಉತ್ತರಕ್ಕೆ ನಾನು ಕೊಡಬೇಕಾದ ಬೆಲೆ ನೆನಪಾಯಿತು.

ಮನೆಯಲ್ಲಿ ಎಲ್ಲ ಹೇಳಿದೆ. ಪದ್ಮಾ ಒಲೆ ಆರಿಸಿ ಬಂದು ಕೂತಳು. ಆಮೇಲೆ ಕೇಳಿದಳು: "ನಾಗರಾಜ್‌ಗೆ ಇದು ಗೊತ್ತಿಲ್ವಾ?"

"ಅವರು ಕಾರ್ ಪಾರ್ಕಿಗೆ ಬಂದಿಲ್ಲ."

"ನೀವು ಹೇಳ್ದಿದ್ರೆ?"

"ಕೊಂಡ ಮೇಲೆ ಗೊತ್ತಾಗುತ್ತೆ. ಒಂದು ಡಜನ್ ಡ್ರೈವರ್‌ಗಳು, ಒಂದು ಡಜನ್ ಬ್ಲಾಕು."

ಶಾಲಿನಿ ಪುಸ್ತಕದಿಂದ ತಲೆ ಎತ್ತಿದಳು. "ಅಪ್ಪಾ, ಪಾರ್ಕೇ ಮಾಡಕ್ಕಾಗಲ್ಲ ಅಂದ್ರೆ ಆ ಅಂಕಲ್ ಏನ್ ಮಾಡ್ತಾರೆ? ದಿನಾ ಬೈಸ್ಕೋಬೇಕಾ?"

ಪದ್ಮಾ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. "ಫೋನ್ ಮಾಡಿ," ಎಂದಳು. "ಲಿಮ್‌ಗೆ ಮೊದಲು. ಮಾಲೀಕರಿಗೆ ಹೇಳದೆ ಹೊರಗಿನವರಿಗೆ ಹೇಳಬಾರದು."

ಭಾನುವಾರ ಹನ್ನೊಂದಕ್ಕೆ ಲಿಮ್ ಮತ್ತು ನಾಗರಾಜ್ ಇಬ್ಬರೂ ಟೋವಾ ಪಾಯೋಗೆ ಬಂದರು. ಬಂದು ನೋಡಿ ಎಂದಷ್ಟೇ ಲಿಮ್‌ಗೆ ಹೇಳಿದ್ದೆ. ನಾಗರಾಜರನ್ನು ಕರೆದದ್ದು ಅವನೇ. ಹೊಗೆ ಅಂದು ಸ್ವಲ್ಪ ತೆಳುವಾಗಿತ್ತು. ನಮ್ಮ ಗಾಡಿ ನಿಲ್ಲಿಸಿದಲ್ಲೇ ಇತ್ತು; ಯಾರೂ ಎಡವದಿರಲಿ ಎಂದು ರಹೀಂ ಅದರ ಬಾಲಕ್ಕೆ ಕೆಂಪು ಪ್ಲಾಸ್ಟಿಕ್ ಚೀಲ ಕಟ್ಟಿದ್ದ. ಅಷ್ಟರಲ್ಲಿ ತಮಟೆ ಬಡಿಯುತ್ತ ಮದುಮಗನ ದಿಬ್ಬಣ ಬಂತು. ಜರಿಯ ಛತ್ರಿಯ ಕೆಳಗೆ ಹೊಳೆಯುವ ಉಡುಪಿನ ಮದುಮಗ, ತಮಟೆಯವರು, ಹೂವಿನ ಕೋಲು ಹಿಡಿದವರು, ಎಲ್ಲರೂ ಆ ಕೆಂಪು ಚೀಲವನ್ನು ಬಳಸಿಕೊಂಡು ಒಬ್ಬರ ಹಿಂದೊಬ್ಬರಾಗಿ ದಾಟಿದರು. ಛತ್ರಿ ಹಿಡಿದವನು ಚರಂಡಿಯ ಅಂಚಿಗೆ ಕಾಲಿಟ್ಟು ಹೇಗೋ ಸಾವರಿಸಿಕೊಂಡ.

ಲಿಮ್ ದಿಬ್ಬಣ ದಾಟುವವರೆಗೆ ನೋಡಿದ. ಆಮೇಲೆ ಗಾಡಿಯ ಸುತ್ತ ಒಂದು ಸುತ್ತು ಬಂದ. ತೊಟ್ಟಿಯ ಅಂಚಿಗೆ ಕೈಯಿಟ್ಟ. ಅದು ಅವನ ಎದೆಗೆ ಬಂತು.

ನಾಗರಾಜ್ ರಹೀಂ ಕಡೆ ತಿರುಗಿದರು. "ಪ್ರತಿ ವಾರ ನಿಮ್ಮನ್ನ ಕೇಳಿದ್ನಲ್ಲ. ಯಾಕೆ ಹೇಳಲಿಲ್ಲ?"

"ಗಾಡಿ ಹೇಗಿದೆ ಅಂತ ಕೇಳಿದ್ರಿ, ಸರ್. ಗಾಡಿ ಚೆನ್ನಾಗಿದೆ." ರಹೀಂ ಮದುವೆಯ ಟೋಪಿ ಸರಿಮಾಡಿಕೊಂಡ. "ಮನೆಗೆ ಒಯ್ಯೋದು ಹೇಗಿದೆ ಅಂತ ಯಾರೂ ಕೇಳಲಿಲ್ಲ."

"ಅವನು ಕೇಳಿದಾನೆ," ಎಂದ ಲಿಮ್, ಗಲ್ಲ ಎತ್ತಿ ತೋರಿಸುತ್ತ. ವಾಯ್ಡ್ ಡೆಕ್ಕಿನಲ್ಲಿ ವಾಂಗ್, ನಾನು ಕೆಲಸಗಳ್ಳ ಎಂದುಕೊಂಡಿದ್ದ ಆ ಜಪಾನಿ ಗಾಡಿಯ ಸೇಲ್ಸ್‌ಮನ್, ಬಾಟಿಕ್ ಅಂಗಿ ತೊಟ್ಟು ಅನ್ನದ ತಟ್ಟೆಗಳನ್ನು ಮೇಜಿನಿಂದ ಮೇಜಿಗೆ ಒಯ್ಯುತ್ತಿದ್ದ. ನಮ್ಮನ್ನು ನೋಡಿ ತಲೆಬಾಗಿ ನಮಸ್ಕರಿಸಿದ. ಲಿಮ್ ಮುಂದುವರಿಸಿದ: "ಅಮೆರಿಕದವರು ನನಗೆ ಬಣ್ಣಬಣ್ಣದ ಪುಸ್ತಕ ಕಳಿಸ್ತಾರೆ. ಜಪಾನಿನವರು ಇವನನ್ನ ಮದುವೆಗೆ ಕಳಿಸ್ತಾರೆ."

ಅವನು ಸಿಟ್ಟಾಗಬಹುದೆಂದು ಕಾದಿದ್ದೆ. ಲಿಮ್ ಕಲ್ಲುಬೆಂಚಿನ ಮೇಲೆ ಕೂತ. "ಡಜನ್ ಗಾಡಿ ಮಾರಿದ್ರೆ ಡಜನ್ ಹೆಂಗಸರು ಡಜನ್ ಕಾರ್ ಪಾರ್ಕಿನಲ್ಲಿ ನನ್ನ ಹೆಸರು ಹಿಡಿದು ಬೈತಾರೆ. ಹದಿಮೂರನೇದು ಯಾರು ಕೊಳ್ತಾರೆ, ಮೂರ್ತಿ?" ಏಜೆನ್ಸಿಯ ಕಥೆ ಅಲ್ಲಿಗೆ ಮುಗಿಯಿತೆಂದು ನನಗೆ ಅರ್ಥವಾಯಿತು. ನನ್ನ ಕಥೆಯೂ. ಯಾರ್ಡ್ ಬಿಟ್ಟು ಹೊರಗೆ ಹೋಗದೆ ಟ್ರೈಲರ್ ಎಳೆಯುವುದಕ್ಕೆ ಎರಡು ಬೇಕಾಗುತ್ತವೆ ಎಂದರು ನಾಗರಾಜ್. ಎರಡರಿಂದ ಏಜೆನ್ಸಿ ಉಳಿಯುವುದಿಲ್ಲ ಎಂದ ಲಿಮ್.

ಆಮೇಲೆ ಅವನೇ ನಾಗರಾಜರನ್ನು ಕೇಳಿದ. "ನಿಮ್ಮ ಹಳೇ ಗಾಡಿಗಳ ಹಿಂದಿನ ಹಲಗೆ ಎಷ್ಟು ವರ್ಷ ಬರ್ತವೆ?"

"ಮರದ್ದು, ಸರ್," ಎಂದರು ನಾಗರಾಜ್. "ಉಪ್ಪುಗಾಳಿ, ವೆಲ್ಡಿಂಗ್ ಕಿಡಿ. ಮೂರು ವರ್ಷಕ್ಕೆ ಕೊಳೆತು ಹೋಗುತ್ತೆ. ಬದಿಯ ಕೀಲುಗಳು ಅದಕ್ಕೂ ಮೊದಲೇ. ಎಲ್ಲ ಯಾರ್ಡ್‌ನಲ್ಲೂ ಇದೇ ತಲೆನೋವು. ಮಾಡಿಕೊಡೋರು ಸರಿಯಾಗಿ ಸಿಗಲ್ಲ."

ಲಿಮ್ ನನ್ನ ಕಡೆ ತಿರುಗಿದ. "ಸ್ಟಿಯರಿಂಗ್ ಎಡದಿಂದ ಬಲಕ್ಕೆ ಹಾಕೋನು ಬದಿ ಬೀಳೋ ಹಲಗೆ ಮಾಡಬಲ್ಲನಾ?"

"ಉಕ್ಕಿನಲ್ಲೇ ಮಾಡ್ತೀನಿ. ಯಾವ ದೇಶದ ಗಾಡಿಗಾದ್ರೂ."

"ಒಂದು ವರ್ಷ. ನಾಳೆ ಪಾಸಿನ ಕಾಗದ ಹಾಕ್ತೀನಿ. ವರ್ಷದ ಮೇಲೆ ಕೆಲಸ ಇದ್ರೆ ಇನ್ನೊಂದು. ಎತ್ತರ ಎಷ್ಟಿಡ್ತೀಯ?"

ಜೇಬಿನಿಂದ ಟೇಪ್ ತೆಗೆದು ಜಪಾನಿನ ಗಾಡಿಯದ್ದೇ ಅಳತೆ ಹೇಳಲು ಹೊರಟೆ. ಲಿಮ್ ಕೈ ಅಡ್ಡ ಹಿಡಿದ. "ಎತ್ತೋರನ್ನ ಕೇಳು."

ಹೀಗೆ ಕಾಕ್ ಮಿನಾಳನ್ನು ಕರೆದೆವು. ಅವಳು ಹೊಸ ರೇಷ್ಮೆಯುಡುಪಿನಲ್ಲಿದ್ದಳು. ವಿಷಯ ಹೇಳಿದರೆ ಮೊದಲು ನಕ್ಕಳು, ಆಮೇಲೆ ಗಂಭೀರವಾಗಿ ತೋಳು ಮಡಿಚಿದಳು. ಅರ್ಧ ಖಾಲಿಯಾದ ಹಂಡೆಯ ಎರಡೂ ಕಿವಿ ಹಿಡಿದು ಕಂಬದ ಪಕ್ಕ ನಿಂತು, ಬೆನ್ನಿಗೆ ನೋವಾಗದೆ ಎಷ್ಟಕ್ಕೆ ಎತ್ತಬಹುದೋ ಅಷ್ಟಕ್ಕೆ ಎತ್ತಿದಳು. ಹಂಡೆಯ ತಳಕ್ಕೆ ಸರಿಯಾಗಿ ಕಂಬದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಪಕ್ಕದ ಇಬ್ಬರು ಹೆಂಗಸರು ತಮ್ಮದೂ ಅಳೆಯಿರಿ ಎಂದು ಬಂದರು. ಮೂರು ಗೆರೆಗಳೂ ಒಂದಕ್ಕೊಂದು ಅಂಟಿಕೊಂಡಂತಿದ್ದವು, ಮೂರೂ ಜಪಾನಿನ ಗಾಡಿಗಿಂತ ನಾಲ್ಕು ಬೆರಳು ಕೆಳಗೆ. ವಾಂಗ್ ತಟ್ಟೆ ಹಿಡಿದುಕೊಂಡೇ ಬಂದು ನೋಡಿ ಹೋದ.

"ಹಲಗೆ ಅಷ್ಟು ಕೆಳಗಿಡೋದಾದ್ರೆ ಚಕ್ರ ಚಿಕ್ಕದಾಗಬೇಕು," ಎಂದೆ.

"ಅದು ನಿನ್ನ ಕೆಲಸ," ಎಂದ ಲಿಮ್.

ಊಟ ಮಾಡದೆ ಕಾಕ್ ಮಿನಾ ಬಿಡಲಿಲ್ಲ. ನಾನೂ ನಾಗರಾಜರೂ ಸಸ್ಯಾಹಾರಿಗಳೆಂದು ತಿಳಿದು ಬಿಳಿ ಅನ್ನ, ಅನಾನಸಿನ ಪಚ್ಚಡಿ ಬಡಿಸಿದಳು. ನಾಗರಾಜ್ ಕೈ ತೊಳೆಯುತ್ತ ಮೆಲ್ಲಗೆ ಕೇಳಿದರು: "ಸಾರ್, ಟ್ರಯಲ್ ಮುಗೀತಲ್ಲ. ಮುಂದಿನ ಭಾನುವಾರ ಆಂಟಿ ಮನೇಲಿರ್ತಾರಾ?"

ಆಮೇಲೆ ಗಾಡಿ ಹೊರತೆಗೆಯಲು ರಹೀಂ ಮುಂದೆ, ಲಿಮ್ ಹಿಂದೆ, ನಾಗರಾಜ್ ಪಕ್ಕದ ಕಾರಿನ ಕನ್ನಡಿಯ ಹತ್ತಿರ ನಿಂತು ಕೈ ಬೀಸಬೇಕಾಯಿತು. ಅದನ್ನು ಯಾರ್ಡಿನ ಷೆಡ್ಡಿಗೆ ಮುಟ್ಟಿಸಿ, ತೊಟ್ಟಿಯಲ್ಲಿ ಚೆಲ್ಲಿದ್ದ ಮಸಾಲೆಯನ್ನು ಪೈಪ್ ಹಿಡಿದು ತೊಳೆದು, ಕೀಲಿ ಒಪ್ಪಿಸಿ, ಬಸ್ಸಿನಲ್ಲಿ ಮನೆ ಸೇರಿದಾಗ ಸಂಜೆ ಆರು.

ಶಾಲಿನಿ ಊಟದ ಮೇಜಿನ ಮೇಲೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದಳು. ಪದ್ಮಾ ಅಡುಗೆಮನೆಯಿಂದ ಹೊರಗೆ ಬಂದು ಬಾಗಿಲಲ್ಲೇ ನಿಂತಳು.

"ಇರ್ತೀವಾ, ಹೋಗ್ತೀವಾ?" ಎಂದು ಶಾಲಿನಿಯೇ ಕೇಳಿದಳು.

"ಒಂದು ವರ್ಷ ಇರ್ತೀವಿ."

"ಆಮೇಲೆ?"

"ಆಮೇಲೆ ಈ ಊರಿನ ಹಲಗೆಗಳು ಎಷ್ಟು ಬೇಗ ಕೊಳೀತವೆ ನೋಡಬೇಕು."

"ಸಾಕು ಲಾ," ಎಂದು ತನ್ನ ಪುಸ್ತಕಗಳನ್ನು ಒಂದು ಕಡೆಗೆ ಸರಿಸಿ ನನಗೆ ಅರ್ಧ ಮೇಜು ಬಿಟ್ಟಳು. ಡ್ರಾಯಿಂಗ್ ಹಾಳೆ ಹಾಸಿ, ನಾಲ್ಕು ಮೂಲೆಗೂ ಟೇಪ್ ಅಂಟಿಸಿದೆ. ಮೊದಲು ನೆಲದ ಗೆರೆ ಎಳೆದೆ. ಅದರ ಮೇಲೆ, ಕಂಬದ ಅಳತೆಯನ್ನು ಸ್ಕೇಲಿಗೆ ಇಳಿಸಿ, ಹಲಗೆಯ ಗೆರೆ ಎಳೆದೆ. ಪೆನ್ಸಿಲ್ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿ, ಊಟಕ್ಕೆ ತಟ್ಟೆ ಇಡಲು ಎದ್ದೆ.